ಕೊಡತಿಯ ಸದ್ದು ಕೇಳುವ ಕೆಲಸ

ಕೂತಲ್ಲೇ ಕೂತು ಸುಸ್ತಾಗುವುದೆಂದರೆ ಹೇಗಿರುತ್ತದೆಂದು ವೈಕುಂಠ ಹೇರ್ಳೆಗೆ ಗೊತ್ತಾದದ್ದು ಶಾಮರಾಯರ ಕೆಲಸಕ್ಕೆ ಸೇರಿದ ಮೇಲೆ. ಅದಕ್ಕೆ ಮೊದಲು ಅವನು ಸಾಲಿಗ್ರಾಮದ ಹತ್ತಿರದ ಒಂದು ದೇವಸ್ಥಾನದಲ್ಲಿ ಬೆಳಿಗ್ಗೆ ಹೂ ಕಟ್ಟಿ ಕೊಡುತ್ತಿದ್ದ, ನೈವೇದ್ಯದ ಅಕ್ಕಿ ತೊಳೆಯುತ್ತಿದ್ದ, ಸಂಜೆ ಭಜನೆಗೆ ಮದ್ದಳೆ ಬಾರಿಸುತ್ತಿದ್ದ. ಮೈ ನೋಯುತ್ತಿರಲಿಲ್ಲ ಎಂದಲ್ಲ. ಆದರೆ ಬಿಸಿನೀರು ಸುರಿದುಕೊಂಡು ಗಂಜಿ ಉಂಡು ಮಲಗಿದರೆ ಆ ನೋವು ಇಳಿದುಹೋಗುತ್ತಿತ್ತು. ಈಗಿನ ದಣಿವು ಕಿವಿಯೊಳಗೆ ಕೂತಿತ್ತು. ಅದಕ್ಕೆ ಯಾವ ಬಿಸಿನೀರು ಸುರಿಯುವುದು?

ಯುದ್ಧದ ಕಾಲ ಅದು. ದೊಡ್ಡ ಉಗಿಹಡಗುಗಳನ್ನೆಲ್ಲ ಸರಕಾರ ಯುದ್ಧಕ್ಕೆಂದು ಎಳೆದುಕೊಂಡಿದ್ದರಿಂದ ನಮ್ಮ ಕಡೆಯ ಮಂಜಿಗಳಿಗೆ ಇದ್ದಕ್ಕಿದ್ದಂತೆ ಮರ್ಯಾದೆ ಬಂದಿತ್ತು. ಮಂಜಿ ಎಂದರೆ ಹಾಯಿ ಕಟ್ಟಿಕೊಂಡು ಬೊಂಬಾಯಿವರೆಗೆ ಹಂಚು, ಅಕ್ಕಿ, ತೆಂಗಿನಕಾಯಿ ಹೊರುವ ಮರದ ಹಡಗು. ಶಾಮರಾಯರು ಹಂಗಾರಕಟ್ಟೆಯ ಹೊಳೆದಂಡೆಯಲ್ಲಿ ಅಂಥದೊಂದನ್ನು ಕಟ್ಟಿಸಲು ಶುರುಮಾಡಿದರು. ಮಳೆಗಾಲ ಹಿಡಿದು, ಹೊಳೆ ಕಡಲು ಸೇರುವ ಅಳಿವೆಯಲ್ಲಿ ಅಲೆ ಏಳುವುದರೊಳಗೆ ತಮ್ಮ ಮಂಜಿ ಒಂದು ಸಲವಾದರೂ ಬೊಂಬಾಯಿ ಕಾಣಬೇಕೆಂಬುದು ಅವರ ಹಟ.

ಹಟ ಇದ್ದಲ್ಲಿ ಅನುಮಾನವೂ ಬಂದು ಕೂರುತ್ತದೆ. ಮಂಜಿಯ ಹೊಟ್ಟೆ ದೊಡ್ಡದು. ಆಳುಗಳು ಕೆಲವರು ಒಳಗೆ, ಕೆಲವರು ಅಡಿಯಲ್ಲಿ, ಕೆಲವರು ಆಚೆ ಬದಿಯಲ್ಲಿ. ಒಂದು ಕಡೆ ನಿಂತರೆ ಇನ್ನೊಂದು ಕಡೆ ಕಾಣುವುದಿಲ್ಲ. ತಾವು ಈಚೆ ಬಂದ ಕೂಡಲೇ ಆಚೆಯವರು ಬೀಡಿ ಹಚ್ಚುತ್ತಾರೆ ಎಂಬ ಯೋಚನೆಯಲ್ಲಿ ರಾಯರಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಹೀಗಿರುವಾಗ ಒಂದು ಸಂಜೆ ಭಜನೆಗೆ ಬಂದ ರಾಯರು, ಕಣ್ಣು ಮುಚ್ಚಿ ಮದ್ದಳೆ ಬಾರಿಸುತ್ತಿದ್ದ ವೈಕುಂಠ "ಆ ಮೂಲೆಯ ತಾಳ ಬಿರುಕು ಬಿಟ್ಟಿದೆ, ಬದಲಿಸಿ" ಎಂದದ್ದನ್ನು ಕೇಳಿಸಿಕೊಂಡರು. ಮರುದಿನವೇ ಹೇಳಿಕಳಿಸಿದರು.

"ಕಣ್ಣಿಗ್ ಸಿಕ್ದೇ ಇಪ್ದ್ ಕಿವಿಗ್ ಸಿಕ್ಕತ್ತ್, ಅಲ್ದನಾ ವೈಕುಂಠ?" ಎಂದರು. "ಕೊಡ್ತಿ ಸದ್ದ್ ಇತ್ತಂದ್ರೆ ಕೆಲ್ಸ ಇತ್ತ್. ಸದ್ದ್ ನಿಂತ್ರೆ ಕೆಲ್ಸ ನಿಂತಿತ್ ಅಂದೇ ಲೆಕ್ಕ. ಯಾರದ್ ನಿಂತ್ತೋ ಅವ್ನ್ ಹೆಸ್ರ್ ಕೂಗ್. ನಿಂಗ್ ಬೇರೆಂತ ಕೆಲ್ಸವೂ ಇಲ್ಲೆ."

ದೇವಸ್ಥಾನದಲ್ಲಿ ಸಿಗುತ್ತಿದ್ದುದು ಪಡಿಯಕ್ಕಿ. ರಾಯರು ಕೊಡುತ್ತೇನೆಂದದ್ದು ಸಂಬಳ. ವೈಕುಂಠ ದೇವರಿಗೆ ಕೈಮುಗಿದು ಹೊರಟ.

ನಾಲ್ಕು ಕಂಬದ ಮೇಲೆ ಹಲಗೆ ಹಾಸಿ, ಮೇಲೆ ತೆಂಗಿನ ಮಡಲಿನ ಮಾಡು ಹೊದೆಸಿ ಅವನಿಗೊಂದು ಅಟ್ಟಣಿಗೆ ಮಾಡಿಕೊಟ್ಟಿದ್ದರು. ಅಲ್ಲಿ ಕೂತು ಅವನು ಎರಡೇ ದಿನದಲ್ಲಿ ಪ್ರತಿಯೊಬ್ಬನ ಕೊಡತಿಯ, ಎಂದರೆ ಮರದ ಸುತ್ತಿಗೆಯ, ಸದ್ದನ್ನೂ ಗುರುತು ಹಿಡಿದ. ತಿಮ್ಮನದು ತೂಕದ ಪೆಟ್ಟು, ಎಲ್ಲಕ್ಕಿಂತ ಕೆಳಗಿನ ಸ್ವರ. ಚಂದುವಿನದು ಅವಸರದ್ದು. ಮುದುಕ ಕುಷ್ಟನದು ಎರಡು ಬಡಿದು ಒಂದು ಬಿಡುವಂಥದು. ಹೆಸರು ಒಂದು ಸಲ ಕೂಗಿದರೆ ಎಚ್ಚರಿಕೆ, ಇನ್ನೊಂದು ಸಲ ಕೂಗಿದರೆ ಆ ಹೊತ್ತಿನ ಕೂಲಿ ಇಲ್ಲ.

ಇವರೆಲ್ಲ ಸಂದಿ ತುಂಬುವವರು. ಮಂಜಿಯ ಹಲಗೆ ಹಲಗೆಗಳ ನಡುವೆ ಎಣ್ಣೆಯಲ್ಲಿ ನೆನೆಸಿ ಹೊಸೆದ ಹತ್ತಿಯನ್ನಿಟ್ಟು, ಮೇಲೆ ಉಳಿಯಿಟ್ಟು, ಕೊಡತಿಯಿಂದ ಬಡಿಬಡಿದು ಇಳಿಸಬೇಕು. ಸಮುದ್ರವನ್ನು ಹೊರಗೆ ನಿಲ್ಲಿಸುವುದು ಆ ಹತ್ತಿ. ಆ ದಂಡೆಯಲ್ಲಿ ಅವರಿಗೊಂದು ಕ್ರಮವಿತ್ತು. ಒಂದು ಸಾಲು ತುಂಬಿದ ಮೇಲೆ ಎಲ್ಲರೂ ಕೊಡತಿ ಕೆಳಗಿಡುತ್ತಿದ್ದರು. ಒಬ್ಬ ಮಂಜಿಯ ಒಳಗೆ ಹೋಗಿ ಸಂದಿಯುದ್ದಕ್ಕೂ ಉಗುರಿನಿಂದ ಕೆರೆಯುತ್ತ ಹೋಗುವುದು. ಕುಷ್ಟ ಹೊರಗೆ ಹಲಗೆಗೆ ಕಿವಿ ಹಚ್ಚಿ ಅವನ ಜೊತೆಗೇ ಸರಿಯುತ್ತ ಬರುವುದು. ಕೆರೆದದ್ದು ಎಲ್ಲಿ ಸ್ಪಷ್ಟ ಕೇಳಿತೋ ಅಲ್ಲಿ ಹತ್ತಿ ಕಚ್ಚಿಲ್ಲವೆಂದು ಸುಣ್ಣದ ಗುರುತು ಹಾಕಿ ಮತ್ತೆ ತುಂಬುವುದು. ಅಷ್ಟು ಹೊತ್ತು ಇಡೀ ದಂಡೆಯಲ್ಲಿ ಯಾರೂ ಕೆಮ್ಮುತ್ತಲೂ ಇರಲಿಲ್ಲ.

ವೈಕುಂಠನಿಗೆ ಇದು ಗೊತ್ತಿಲ್ಲ. ಒಮ್ಮೆಲೇ ಎಲ್ಲ ಸದ್ದೂ ನಿಂತಾಗ ಅವನು ಗಾಬರಿಯಾಗಿ ಎದ್ದು ನಿಂತು, ಸಿಕ್ಕಿದ ಹೆಸರುಗಳನ್ನೆಲ್ಲ ಕೂಗಿದ.

"ಹ್ವಾಯ್ ತಿಮ್ಮಾ! ಹ್ವಾಯ್ ಕುಷ್ಟಾ! ಎಂತ ಆಯ್ತ್?"

"ಕಿವಿ ಇಟ್ಟದ್ದೇ ಅಯ್ಯಾ," ಎಂದ ಕುಷ್ಟ, ಹಲಗೆಗೆ ಒರಗಿದ ತಲೆಯನ್ನು ಎತ್ತದೆಯೇ.

ಮನೆಯ ಜಗಲಿಯಲ್ಲಿದ್ದ ರಾಯರು ಇಳಿದು ಬಂದರು. ಕುಷ್ಟ ಹೇಳಿದ್ದನ್ನು ಪೂರ್ತಿ ಕೇಳಿದರು. ಕೇಳಿ, "ಎಲ್ಲ ಸೇರಿ ಕೂಕಂಬುಕೆ ಒಂದ್ ನೆವ," ಎಂದರು. "ಸಮ ಬಡ್ದ್ರೆ ಕೇಂಬ್ದ್ ಎಂತಕ್ಕೆ?"

ಕುಷ್ಟನ ಆ ಹೊತ್ತಿನ ಕೂಲಿ ಹೋಯಿತು. ಅವನು ಜಗಳ ಮಾಡಲಿಲ್ಲ. ತನ್ನ ಉಳಿಗಳನ್ನು ಗೋಣಿಯಲ್ಲಿ ಸುತ್ತಿಕೊಂಡು, ಗಂಗೊಳ್ಳಿಯಲ್ಲಿ ಮಗಳ ಮನೆಯಿದೆ, ಅಲ್ಲೂ ಮಂಜಿಗಳಿವೆ ಎಂದು ಹೇಳಿ ಹೋದ. ಆಮೇಲೆ ಯಾರೂ ಹಲಗೆಗೆ ಕಿವಿ ಇಡಲಿಲ್ಲ.

ಸದ್ದು ಚೆನ್ನಾಗಿ ನಡೆಯಿತು. ಸೂರ್ಯ ಹುಟ್ಟಿದರೆ ಶುರು, ಮುಳುಗಿದರೆ ನಿಲುಗಡೆ. ರಾಯರು ಜಗಲಿಯಲ್ಲಿ ಕೂತು ಅದನ್ನು ಕೇಳುತ್ತ ನೆಮ್ಮದಿಯಿಂದ ಮಜ್ಜಿಗೆ ಕುಡಿಯುತ್ತಿದ್ದರು. ಹಿಂದೆ ವರ್ಷವಿಡೀ ಹಿಡಿಯುತ್ತಿದ್ದ ಕೆಲಸ ಈ ಸಲ ಅರ್ಧ ಕಾಲದಲ್ಲಿ ಮುಗಿಯುವ ಹಾಗಿದೆಯೆಂದು ಬಂದವರಿಗೆಲ್ಲ ಹೇಳಿದರು. ದಂಡೆಯಲ್ಲಿ ಮೊದಲಿದ್ದ ಹಾಡು, ಮಾತು, ಒಬ್ಬನ ಹೆಂಡತಿ ಕಟ್ಟಿಕೊಟ್ಟ ಚಟ್ನಿಯನ್ನು ಇನ್ನೊಬ್ಬ ಕಸಿಯುವುದು ಎಲ್ಲ ನಿಂತಿತ್ತು. ಚಂದು ಒಬ್ಬನಿಗೆ ಮಾತ್ರ ಬಾಯಿ ಸುಮ್ಮನಿರುತ್ತಿರಲಿಲ್ಲ.

"ಹೇರ್ಳ್ರೆ, ನಾ ಉಚ್ಚಿಗ್ ಹೋತೆ. ಕೊಡ್ತಿ ಹೊತ್ಕಂಡೇ ಹೋಯ್ಕಾ?"

"ಹೋಗ್ ಮಾರಾಯ, ಬೇಗ ಬಾ."

"ಅಲ್ಲಿಂದ್ಲೂ ಬಡೀತೆ, ಕೇಣಿ!" ಎಂದು ಅವನು ಕೇದಗೆ ಮೆಳೆಯ ಹಿಂದೆ ನಿಂತು ತೆಂಗಿನ ಬೊಡ್ಡೆಗೆ ಕುಟ್ಟುತ್ತಿದ್ದ. ಯಾರೂ ನಗುತ್ತಿರಲಿಲ್ಲ. ನಕ್ಕರೆ ಕೈ ನಿಲ್ಲುತ್ತದೆ.

ಕೇಳುವವನ ಪಾಡೂ ಬೇರೆಯಲ್ಲ. ಒಂದು ಬೆಳಿಗ್ಗೆ ವೈಕುಂಠ ಗಾಯತ್ರಿ ಜಪಕ್ಕೆ ಕೂತಿದ್ದ. ಒಳಗೆ ಹೆಂಡತಿ ಪಂಕಜಾಕ್ಷಿ ದೋಸೆಗೆ ಅರೆಯುತ್ತಿದ್ದಳು. ಅರೆಯುವ ಕಲ್ಲಿನ ಸದ್ದು ನಿಂತಿತು. ಕಣ್ಣು ಮುಚ್ಚಿದ್ದ ವೈಕುಂಠನ ಬಾಯಿಂದ ತಾನಾಗಿ ಬಂತು: "ಹ್ವಾಯ್, ಪಂಕಜಾ!"

ಅವಳು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. "ನಾನೆಂತ ನಿಮ್ಮ ರಾಯರ ಕೂಲಿಯವ್ಳಾ? ನೀರ್ ಹಾಕುಕೆ ಕೈ ತೆಗ್ದೆ. ಅದನ್ನೂ ಕೇಂಡ್ಕಂಡೇ ತೆಗೀಕಾ?"

ವೈಕುಂಠ ಜಪಸರ ಕೆಳಗಿಟ್ಟ. ಜಪ ಎಲ್ಲಿಗೆ ಬಂದಿತ್ತೆಂಬುದು ಅವನಿಗೆ ನೆನಪಾಗಲಿಲ್ಲ. ದೇವಸ್ಥಾನಕ್ಕೆ ಹೋದರೂ ಹೀಗೆಯೇ. ಮಂಗಳಾರತಿಯ ಗಂಟೆ ನಿಂತು, ತೀರ್ಥ ಕೊಡುವುದಕ್ಕೆ ಮೊದಲು ಒಂದು ಮೌನ ಇರುತ್ತದೆ. ಚಿಕ್ಕಂದಿನಿಂದ ಅವನಿಗೆ ದೇವರು ಹತ್ತಿರ ಬಂದಂತೆ ಅನ್ನಿಸುತ್ತಿದ್ದುದು ಆಗಲೇ. ಈಗ ಆ ಮೌನ ಬಂದರೆ ಯಾರದು ನಿಂತಿತು, ಯಾರದು ನಿಂತಿತು ಎಂದು ಕಿವಿ ಹುಡುಕಾಡುತ್ತಿತ್ತು.

ಮಾಘ ಕಳೆಯುವ ಹೊತ್ತಿಗೆ ಅವನಿಗೆ ಇನ್ನೊಂದು ಕೇಳಿಸತೊಡಗಿತು. ತಿಮ್ಮನ ಪೆಟ್ಟು ಮೊದಲಿನ ಪೆಟ್ಟಲ್ಲ. ಉಳಿಯ ಕೆಳಗೆ ಹತ್ತಿ ಇದ್ದರೆ ಸದ್ದು ನುಂಗಿಕೊಂಡ ಹಾಗೆ ಬರುತ್ತದೆ. ಈಗ ಬರುತ್ತಿದ್ದುದು ಒಣ ಮರದ ಸದ್ದು. ಒಂದು ದಿನವಲ್ಲ, ದಿನಾ. ಬರಬರುತ್ತ ಚಂದುವಿನದೂ ಹಾಗೇ, ಉಳಿದವರದೂ ಹಾಗೇ.

ಸಂಜೆ ದೋಣಿ ಕಡವಿನಲ್ಲಿ ತಿಮ್ಮ ಸಿಕ್ಕಿದ. ಆಚೆ ದಡದ ಕೋಡಿಯಲ್ಲಿ ಅವನ ಮನೆ. ತಮ್ಮ ಮುತ್ತನೂ ಅದೇ ಮನೆಯವನು. ಈ ಮಂಜಿಯನ್ನು ಬೊಂಬಾಯಿಗೆ ನಡೆಸಬೇಕಾದ ತಂಡೇಲ ಅವನೇ.

"ತಿಮ್ಮ, ನೀ ಬಡೂದ್ರಲ್ಲಿ ಹತ್ತಿ ಇಲ್ಲೆ," ಎಂದ ವೈಕುಂಠ ಮೆಲ್ಲಗೆ.

ತಿಮ್ಮ ಹೊಳೆ ನೋಡಿದ. "ಹತ್ತಿ ಹೊಸೂಕೆ ಕೈ ಬೇಕ್ ಅಯ್ಯಾ. ಹೊಸೂಕೆ ಕೂತ್ರೆ ಕೊಡ್ತಿ ನಿಲ್ತ್. ಕೊಡ್ತಿ ನಿಂತ್ರೆ ನೀವ್ ಕೂಗ್ತ್ರಿ. ಒಂದ್ ಕೈಯಂಗೆ ಬಡೀತಾ ಒಂದ್ ಕೈಯಂಗೆ ಎಷ್ಟ್ ತುರ್ಕುದ್?"

"ಹಾಂಗಂದ್ ಖಾಲಿ ಬಡೂದಾ?"

"ನೀವ್ ಬಡಿ ಅಂದ್ರಿ, ಬಡ್ದೆ. ತುಂಬು ಅಂದಿದ್ರೆ ತುಂಬ್ತಿದ್ದೆ." ಹತ್ತಿರ ಬಂದು ದನಿ ತಗ್ಗಿಸಿದ. "ಸಂಜಿ ಮ್ಯಾಲೆ ನಿಂತ್ಕಂಡ್ ಸಮ ಮಾಡ್ವ ಅಂದ್ಕಂಡಿದ್ದೆ. ರಾಯ್ರ್ ಗೇಟ್ ಹಾಕ್ತ್ರ್. ಎಡಬದಿ ಮ್ಯಾಲಿನ್ ಸಾಲ್ ಹಾಂಗೇ ಉಳೀತ್."

"ಅದ್ರಂಗ್ ಹೋಪ್ದ್ ನಿನ್ ತಮ್ಮನೇ ಅಲ್ದನಾ?"

ದೋಣಿ ಬಂತು. ತಿಮ್ಮ ಹತ್ತಿ ಹೋದ.

ಮರುದಿನ ಮಧ್ಯಾಹ್ನ ರಾಯರು ಬಾರ್ಕೂರಿಗೆ ಹೋಗಿದ್ದರು. ವೈಕುಂಠ ಅಟ್ಟಣಿಗೆಯಿಂದ ಇಳಿದು ಮಂಜಿಯ ಬುಡಕ್ಕೆ ಬಂದ. "ಕೊಡ್ತಿ ಕೆಳ್ಗಿಡಿ," ಎಂದ. "ಹತ್ತಿ ಹೊಸೀರಿ. ಕುಷ್ಟ ಮಾಡ್ತಿದ್ದ ಹಾಂಗೆ ಕಿವಿ ಇಟ್ಟ್ ಕಾಣಿ. ಇವತ್ತ್ ನಾ ಯಾರ್ ಹೆಸ್ರೂ ಕೂಗುದಿಲ್ಲೆ."

ಒಬ್ಬರ ಮುಖ ಒಬ್ಬರು ನೋಡಿದರು. ಯಾರ ಕೈಯೂ ನಿಲ್ಲಲಿಲ್ಲ.

"ನಿಲ್ಸಿ ಮಾರಾಯ್ರೆ, ನಾನೇ ಹೇಳೂದ್."

"ಹಾಂಗೇ ಹೇಳಿ ಕಾಂಬುಕೆ ರಾಯ್ರ್ ಕಳ್ಸಿದ್ರಾ ಹೇರ್ಳ್ರೆ?" ಎಂದ ಚಂದು. ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಯಾರ್ ಮೊದ್ಲ್ ನಿಲ್ಸ್ತ್ರ್ ಅಂದ್ ಕಾಂಬುಕಾ? ನಮ್ಗ್ ಹೆಂಡ್ತಿ ಮಕ್ಳ್ ಇದ್ರ್."

ಎಲ್ಲರೂ ಮೊದಲಿಗಿಂತ ಜೋರಾಗಿ ಬಡಿಯತೊಡಗಿದರು. ವೈಕುಂಠ ಆ ಸದ್ದಿನ ನಡುವೆ ಕೈ ಎತ್ತಿ ನಿಂತಿದ್ದ. ಇಷ್ಟು ದಿನ ಇವರು ತನ್ನ ದನಿಗೆ ಹೆದರಿದ್ದರು. ಈಗ ಆ ದನಿಯಲ್ಲಿ ಏನು ಹೇಳಿದರೂ ಹೆದರಿಕೆಯೇ ಹೋಗಿ ಮುಟ್ಟುತ್ತದೆ. ಅವನು ತಿರುಗಿ ಮೇಲೆ ಹತ್ತಿ ಕೂತ. ಬೇರೆ ಎಲ್ಲಿ ಕೂರಬೇಕೆಂದು ತಿಳಿಯಲಿಲ್ಲ.

ರಾಯರು ಬಂದ ಮೇಲೆ ಜಗಲಿಗೆ ಹೋಗಿ ಹೇಳಿದ. ಸಂದಿ ತುಂಬಿಲ್ಲ, ಇನ್ನೂ ಕೆಲವು ದಿನ ಬೇಕು, ನಡುನಡುವೆ ಸದ್ದು ನಿಲ್ಲಿಸಿ ಕೆಲಸ ಮಾಡಲು ಬಿಡಬೇಕು. ರಾಯರಿಗೆ ಸಿಟ್ಟು ಬರಲಿಲ್ಲ. ಅವರ ಕಣ್ಣಿನ ಕೆಳಗೂ ಕಪ್ಪಾಗಿತ್ತು.

"ನಿನ್ನ ಕಿವಿಯನ್ನೇ ನಂಬಿದ್ದೆ ವೈಕುಂಠ. ಯಾರದ್ ಖಾಲಿ ಪೆಟ್ಟ್? ಹೆಸ್ರ್ ಹೇಳ್, ಇವತ್ತೇ ಕಳ್ಸ್ತೆ."

"ಕಳ್ಸಿದ್ರೆ ತುಂಬ್ಸೋರ್ ಯಾರ್ ರಾಯ್ರೆ?"

"ಹೆಸ್ರ್ ಇಲ್ದಿದ್ರೆ ಮಾತೂ ಇಲ್ಲೆ. ಹಂಚಿನೋರಿಗೆ ಮಾತ್ ಕೊಟ್ಟಾಯ್ತ್. ಹೊಸ ಮರ ನಾಲ್ಕ್ ದಿನ ನೀರ್ ಕುಡೀತ್ತ್, ಉಬ್ಬಿ ತನ್ನಷ್ಟಕ್ಕೇ ಸಮ ಆತ್ತ್."

ವೈಕುಂಠ ಹೆಸರು ಹೇಳಲಿಲ್ಲ. ಇಷ್ಟು ತಿಂಗಳು ದಿನಕ್ಕೆ ಎಷ್ಟೋ ಸಲ ಕೂಗಿದ ಹೆಸರುಗಳಲ್ಲಿ ಒಂದನ್ನೂ ಎತ್ತದೆ ಜಗಲಿ ಇಳಿದ.

ವೈಶಾಖದ ಅಮಾವಾಸ್ಯೆಯ ದೊಡ್ಡ ಭರತಕ್ಕೆ, ಕಡಲು ಉಬ್ಬಿ ಹೊಳೆ ಏರುವ ಹೊತ್ತಿಗೆ, ಮಂಜಿಯನ್ನು ಹೊಳೆಗೆ ಇಳಿಸಿದರು. ಗಣಪತಿ ಪೂಜೆಯಾಯಿತು, ಕಾಯಿ ಒಡೆದದ್ದಾಯಿತು. ಮಂಜಿ ಚೆಂದವಾಗಿ ತೇಲಿತು. ಖಾಲಿ ಹಡಗು ಎತ್ತರಕ್ಕೇ ನಿಲ್ಲುತ್ತದೆ. ತುಂಬದೆ ಬಿಟ್ಟ ಮೇಲಿನ ಸಾಲಿಗೆ ನೀರು ತಾಗಲೇ ಇಲ್ಲ. ರಾಯರು ದಂಡೆಯ ಮೇಲಿಂದ ವೈಕುಂಠನ ಕಡೆ ನೋಡಿದರು. ಆ ನೋಟದಲ್ಲಿ "ಕಂಡೆಯಲ್ಲ" ಎಂಬುದಿತ್ತು.

ಆಮೇಲೆ ಹಂಚು ತುಂಬಿಸಲು ಶುರುಮಾಡಿದರು. ತುಂಬಿಸಿದ ಹಾಗೆ ಮಂಜಿ ತಗ್ಗುತ್ತ ಬಂತು. ಹೊರಡುವ ದಿನ ಬೆಳಿಗ್ಗೆ ವೈಕುಂಠ ದಂಡೆಗೆ ಬಂದಾಗ ಎಡಬದಿಯ ಆ ಸಾಲಿಗೂ ನೀರಿಗೂ ಒಂದು ಗೇಣು ಇತ್ತೋ ಇಲ್ಲವೋ. ಹೊಳೆಯಲ್ಲಿ ಸರಿ. ಅಳಿವೆ ದಾಟಿ, ಗಾಳಿಗೆ ಹಾಯಿ ತುಂಬಿ, ಮಂಜಿ ಎಡಕ್ಕೆ ವಾಲಿದರೆ?

ಅವನು ಹಲಗೆ ದಾಟಿ ಮಂಜಿಯ ಮೇಲೆ ಹೋಗಿ ಮುತ್ತನಿಗೆ ಹೇಳಿದ. ಮುತ್ತ ನಕ್ಕ. "ಅಣ್ಣ ತುಂಬ್ಸಿದ್ ಹಡ್ಗ್ ಹೇರ್ಳ್ರೆ. ನೀವ್ ಆಳ್ಗಳ ಮ್ಯಾಲೆ ಚಾಡಿ ಹೇಳಿ ಹೇಳಿ, ಈಗ ತಂಡೇಲನ ಹತ್ರವೂ ಶುರು ಮಾಡಿದ್ರಿಯಾ?"

ರಾಯರು ನಂಬಲಿಲ್ಲ, ಆಳುಗಳು ನಂಬಲಿಲ್ಲ, ಇವನೂ ನಂಬಲಿಲ್ಲ. ವೈಕುಂಠ ಶಾಲನ್ನು ಮೈಗೆ ಸುತ್ತಿಕೊಂಡು, ಅಟ್ಟಿ ಹಾಕಿದ ಹಂಚಿನ ಮೇಲೆ ಕೂತುಬಿಟ್ಟ.

"ಎಲ್ಲಿಗ್ ಹೇರ್ಳ್ರೆ?"

"ನೀ ಹೋಪಲ್ಲಿಗೆ."

"ಕಡ್ಲಂಗೆ ಕಾರ್ತ್ರಿ."

"ಕಾರ್ತೆ."

ಮುತ್ತ ಅವನನ್ನು ಎರಡು ಸಲ ನೋಡಿದ. ಇಳಿತದ ನೀರು ಎಳೆಯುತ್ತಿತ್ತು, ಕಾಯುವ ಹಾಗಿರಲಿಲ್ಲ. ಅಳಿವೆ ಬರುವ ಮೊದಲು ಈ ಭಟ್ಟರಿಗೆ ತಾನಾಗಿ ಬುದ್ಧಿ ಬರುತ್ತದೆ, ಬೆಂಗ್ರೆಯ ಹತ್ತಿರ ಇಳಿಸಿದರಾಯಿತು ಎಂದುಕೊಂಡು ಹಗ್ಗ ಬಿಡಲು ಹೇಳಿದ.

ದಂಡೆಯಲ್ಲಿ ಹಗ್ಗ ಬಿಚ್ಚುತ್ತಿದ್ದವನು ತಿಮ್ಮ. ಬಿಚ್ಚಿ ತಲೆ ಎತ್ತಿದಾಗ ಹಂಚಿನ ಮೇಲೆ ಕೂತ ವೈಕುಂಠ ಕಂಡ. ಕಡಲಿಗೆ ಎಂದೂ ಕಾಲಿಡದ ಮನುಷ್ಯ, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತಿದ್ದ. ಯಾವ ಪ್ರಾರ್ಥನೆಯೂ ಅವನ ಬಾಯಿಗೆ ಪೂರ್ತಿ ಬರುತ್ತಿರಲಿಲ್ಲ. ನಾರಾಯಣ ಎಂಬ ಹೆಸರು ಒಂದನ್ನೇ ಹಿಡಿದುಕೊಂಡಿದ್ದ.

ತಿಮ್ಮ ಹಗ್ಗ ಹಿಡಿದೇ ನಿಂತ. ಮಂಜಿ ನಡುಹೊಳೆಗೆ ಸರಿಯಿತು. ಅವನು ದಂಡೆಯುದ್ದಕ್ಕೂ ನಡೆದ, ಆಮೇಲೆ ಓಡಿದ, ಆಮೇಲೆ ನೀರಿಗೇ ಇಳಿದ. ಸೊಂಟ ಮುಳುಗುವಲ್ಲಿ ನಿಂತು ಕೂಗಿದ.

"ಮುತ್ತಾ! ತಿರ್ಗ್ಸಾ! ಎಡಬದಿ ಮ್ಯಾಲಿನ್ ಸಾಲ್ ನಾ ತುಂಬ್ಸ್ಲಿಲ್ಲೆ! ಬರೀ ಬಡ್ದದ್ದ್ ಮಾರಾಯಾ, ಬರೀ ಬಡ್ದದ್ದ್!"

ದಂಡೆಯ ಮೇಲಿದ್ದವರೆಲ್ಲ ಕೇಳಿದರು. ಕೊಡೆ ಹಿಡಿದು ನಿಂತಿದ್ದ ರಾಯರೂ ಕೇಳಿದರು. ಚಂದು ಒಂದು ಗಳಿಗೆ ತಡೆದು, ತಾನೂ ನೀರಿಗಿಳಿದು, "ಹಿಂದಿನ್ ಬದಿ ನಾನೂ ತುಂಬ್ಸ್ಲಿಲ್ಲೆ!" ಎಂದು ಕೂಗಿದ.

ಮುತ್ತ ಒಳಗಿಳಿದು ಅಡಿಯ ಹಲಗೆ ಎತ್ತಿ ನೋಡಿದ. ಹಿಂಬದಿಯ ಸಂದಿಗಳಿಂದ ನುಗ್ಗಿದ ನೀರು ಮೊಣಕಾಲಿಗೆ ಬಂದಿತ್ತು. ಹೊಸೆಯದ ಹತ್ತಿಯ ಎಳೆಗಳು ಅದರ ಮೇಲೆ ತೇಲುತ್ತಿದ್ದವು. ಮೇಲೇರಿ ಬಂದು ಚುಕ್ಕಾಣಿಯನ್ನು ಎದೆ ಕೊಟ್ಟು ತಳ್ಳಿದ. ಮಂಜಿ ನಿಧಾನಕ್ಕೆ, ಬೇಸರ ಬಂದ ಎಮ್ಮೆಯ ಹಾಗೆ ತಿರುಗಿ, ಹೊಳೆಯ ನಡುವಿನ ಮರಳದಿಬ್ಬಕ್ಕೆ ಹೊಟ್ಟೆ ಊರಿ ನಿಂತಿತು. ಇಳಿತ ಇನ್ನೂ ಇಳಿಯಿತು. ಮಂಜಿ ಎಡಕ್ಕೆ ಒರಗಿತು. ಒಳಗಿನ ನೀರು ಆ ಸಾಲಿನ ಸಂದಿಯುದ್ದಕ್ಕೂ ಸಣ್ಣ ಸಣ್ಣ ಧಾರೆಯಾಗಿ ಹೊರಗೆ ಬೀಳತೊಡಗಿತು. ದಂಡೆಯಲ್ಲಿ ನಿಂತವರಿಗೂ ಅದು ಕಾಣುತ್ತಿತ್ತು.

ಮತ್ತೆ ಭರತ ಏರುವುದರೊಳಗೆ ಹಂಚು ಇಳಿಸದಿದ್ದರೆ ಮಂಜಿ ಅಲ್ಲೇ ಮುರಿಯುತ್ತದೆ. ದೋಣಿಗಳು ಬಂದವು. ರಾಯರೂ ಒಂದರಲ್ಲಿ ಬಂದು, ಒದ್ದೆ ಮರಳಿನ ಮೇಲೆ ನಿಂತರು. ಪಡುವಣದಲ್ಲಿ ಮೋಡ ಕಟ್ಟಿತ್ತು. ಈ ವರ್ಷ ಬೊಂಬಾಯಿ ಇಲ್ಲ ಎಂಬುದನ್ನು ಯಾರೂ ಅವರಿಗೆ ಹೇಳಬೇಕಾಗಿರಲಿಲ್ಲ.

ಆಮೇಲೆ ಅವರು ಮಂಜಿಯಿಂದ ಇಳಿದು ನಿಂತಿದ್ದ ವೈಕುಂಠನ ಹತ್ತಿರ ಬಂದರು. "ಒಬ್ಬನ್ನೇ ಕೂರ್ಸದ್ದ್ ತಪ್ಪಾಯ್ತ್," ಎಂದರು, ತಮ್ಮಷ್ಟಕ್ಕೇ ಎಂಬಂತೆ. "ಬಪ್ಪ ವರ್ಷ ಒಳ್ಗೊಬ್ಬ, ಹೊರ್ಗೊಬ್ಬ. ಮ್ಯಾಲೆ ನೀ ಇಪ್ಪೆ. ನಿನ್ನ ಕಾಂಬುಕೂ ಒಬ್ಬ ಬೇಕಾತ್ತೇನೊ."

ವೈಕುಂಠ ಅವರ ಮುಖ ನೋಡಿದ. ಅಲ್ಲಿ ಕೆಡುಕು ಇರಲಿಲ್ಲ. ನಿದ್ದೆಗೆಟ್ಟ ಮನುಷ್ಯನೊಬ್ಬ ಇನ್ನೂ ನಿದ್ದೆಗೆಡುವ ದಾರಿ ಹುಡುಕುತ್ತಿದ್ದ.

"ನನ್ ಕೈಲಿ ಆತ್ತಿಲ್ಲೆ ರಾಯ್ರೆ," ಎಂದ. "ಸುಸ್ತಾಯ್ತ್. ನಿಮ್ಗೂ ಆಯಿತ್, ಕಾಣಿ."

ರಾಯರು ಕೊಡೆಯನ್ನು ಮರಳಿಗೆ ಚುಚ್ಚಿದರು.

ಮಂಜಿಯಿಂದ ದೋಣಿಯವರೆಗೆ ಜನ ಸಾಲು ನಿಂತು ಹಂಚು ದಾಟಿಸುತ್ತಿದ್ದರು. ಸಾಲಿನ ಮೊದಲಿಗೆ ಮುತ್ತ, ಅವನ ಕೆಳಗೆ ತಿಮ್ಮ. ಎಷ್ಟೋ ಹಂಚು ಕೈಯಿಂದ ಕೈಗೆ ದಾಟಿದ ಮೇಲೆ ಮುತ್ತ ತಲೆ ಎತ್ತದೆ ಹೇಳಿದ:

"ಕೊಂದ್ ಹಾಕ್ತಿದ್ಯಲ ಅಣಾ."

"ಹ್ಞೂಂ," ಎಂದ ತಿಮ್ಮ. ಅವನ ಕೈಯಲ್ಲಿ ಹಂಚು ಜಾರಿತು.

"ಸಮ ಹಿಡ್ಕೊ," ಎಂದ ಮುತ್ತ. "ಒಡೀತ್ತ್."

ವೈಕುಂಠ ಕಚ್ಚೆ ಬಿಗಿದು ನೀರಿಗಿಳಿದ. ಸಾಲಿನಲ್ಲಿ ಚಂದುವಿನ ಪಕ್ಕ ಒಂದು ಜಾಗ ಖಾಲಿ ಇತ್ತು. ಚಂದು ಒಮ್ಮೆ ಅವನ ಜನಿವಾರದ ಕಡೆ, ಒಮ್ಮೆ ತನ್ನ ಕೆಸರಿನ ಕೈ ಕಡೆ ನೋಡಿ ತಡೆದ. ವೈಕುಂಠ ಎರಡೂ ಕೈ ಚಾಚಿದ. ಒದ್ದೆಯಾದ ಹಂಚು ಅವನು ಎಣಿಸಿದ್ದಕ್ಕಿಂತ ಭಾರವಿತ್ತು. ಅದನ್ನು ದೋಣಿಯವನಿಗೆ ದಾಟಿಸಿ ಈಚೆ ತಿರುಗುವುದರೊಳಗೆ ಇನ್ನೊಂದು ಬಂದಿತ್ತು.